ಹಾಡು ಹಚ್ಚದ ಗಾಡಿ ಗೇಟ್ ದಾಟಬಾರದು

ನನ್ನ ಮೊಮ್ಮಗಳು ರೇಷ್ಮಾಗೆ ನೌಕರಿ ಹತ್ತಿದೆ. ಅದೂ ಎಲ್ಲಿ ಅಂತೀರಿ? ನಾನು ನಿಂತು ನಿಂತು ಮೊಣಕಾಲು ಸವೆಸಿದ ಅದೇ ಗೇಟಿನಲ್ಲಿ. ಸುದ್ದಿ ಬಂದ ದಿನ ದರ್ಗಾಕ್ಕೆ ಹೋಗಿ ಸಕ್ಕರೆ ಓದಿಸಿಕೊಂಡು ಬಂದು, ಬಾಗಲಕೋಟೆ ನವನಗರದ ನಮ್ಮ ಓಣಿಯಲ್ಲಿ ಮನೆಮನೆಗೂ ಹಂಚಿದೆ. ಖುಷಿಯಲ್ಲಿ ಒಂದೇ ಮನೆಗೆ ಎರಡು ಸಲ ಹೋಗಿಬಿಟ್ಟೆ.

"ಕಾಕಾ, ಆಗಳೆ ಕೊಟ್ಟೀರಲ್ರಿ" ಅಂದಳು ಆ ಮನೆಯ ಸೊಸೆ.

"ಮತ್ತೊಮ್ಮೆ ಬಾಯಿ ಸಿಹಿ ಮಾಡ್ಕೋರಿ. ಮೊಮ್ಮಗಳು ಸಕ್ಕರಿ ಕಾರ್ಖಾನಿ ಕಾಯಾಕ ಹೊಂಟಾಳ, ನಮಗೇನು ಸಕ್ಕರಿಗೆ ಬರಗಾಲ?" ಅಂದೆ.

ಇವತ್ತು ಅವಳ ಮೊದಲ ದಿನ. ಮುಂಜಾನೆ ನೀಲಿ ಸಮವಸ್ತ್ರ ಹಾಕಿ, ಕೊರಳಲ್ಲಿ ಸೀಟಿ ತೂಗಿಸಿಕೊಂಡು ಸ್ಕೂಟಿ ಹತ್ತಿದಳು. ನೋಡಿದರೆ ನಾನೂ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ತಯಾರಾಗಿ ನಿಂತಿದ್ದೇನೆ.

"ನಾನಾ, ನೀವೆಲ್ಲಿಗ್ರಿ?" ಅಂದಳು. ತಾಯಿಯ ಅಪ್ಪನಿಗೆ ನಮ್ಮಲ್ಲಿ ನಾನಾ ಅನ್ನುತ್ತಾರೆ.

"ಸುಮ್ಮ, ಗೇಟಿನ ತನಕ."

"ಬ್ಯಾಡ್ರಿ. ನೀವು ಬಂದ್ರ ಡ್ರೈವರ್ ಎಲ್ಲಾರೂ ನಿಮಗ ಸಲಾಮ್ ಹೊಡೀತಾರ. ನನ್ನ ಮಾತು ಯಾರು ಕೇಳ್ತಾರ? ಮನ್ಯಾಗ ಆರಾಮ ಕುಂದರ್ರಿ."

ಅವಳು ಹೇಳಿದ್ದು ಸರಿ. ಆದರೆ ಕುಂದರ್ರಿ ಅಂದ ಕೂಡಲೆ ಕೂತುಕೊಳ್ಳಲು ಬರುತ್ತದೆಯೇ? ಮಾಳಿಗೆ ಹತ್ತಿದೆ, ಇಳಿದೆ. ನೀರು ಕಾಯಿಸಿದೆ, ಚಹಾಪುಡಿ ಹಾಕುವುದನ್ನೇ ಮರೆತೆ. ಕೊನೆಗೆ ಕೈಗೆ ಏನಾದರೂ ಕೆಲಸ ಬೇಕೆಂದು ಇದನ್ನು ಬರೆಯಲು ಕೂತೆ. ನಾನು ಶಾಲೆ ಕಂಡದ್ದು ಕಡಿಮೆ. ಅಕ್ಷರ ದೊಡ್ಡದಾಗಿ, ಸಾಲು ಸೊಟ್ಟಗೆ ಬರುತ್ತವೆ. ಆದರೂ ಟ್ರ್ಯಾಕ್ಟರ್ ಕಾಯುವ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರಿಗೆ, ಅದರಲ್ಲೂ ನನ್ನ ರೇಷ್ಮಾಗೆ, ಈ ಕೆಲಸ ನಿಜವಾಗಿ ಹೇಗಿರುತ್ತದೆ ಎಂದು ಹೇಳಬೇಕು. ನನಗೆ ಯಾವಾಗ ಬಡ್ತಿ ಸಿಕ್ಕಿತು, ಎಷ್ಟು ಸಲ ಶಾಲು ಹೊದಿಸಿದರು ಎಂಬುದೆಲ್ಲ ಇದರಲ್ಲಿ ಇಲ್ಲ.

ನಮ್ಮದು ಬಾದಾಮಿ ಕಡೆಯ ಒಂದು ಸಕ್ಕರೆ ಕಾರ್ಖಾನೆ. ಹಂಗಾಮು ಶುರುವಾದರೆ ಹುನಗುಂದ, ಬಾದಾಮಿ, ಮಲಪ್ರಭೆ ದಂಡೆಯ ಹಳ್ಳಿಗಳಿಂದ ಕಬ್ಬಿನ ಗಾಡಿಗಳು ಬರುತ್ತವೆ. ಒಂದೊಂದು ಟ್ರ್ಯಾಕ್ಟರಿಗೆ ಎರಡೆರಡು ಟ್ರೇಲರ್. ಎಲ್ಲವೂ ಯಾರ್ಡಿನಲ್ಲಿ ಸಾಲಾಗಿ ಪಾಳಿ ಹಚ್ಚಿ ನಿಲ್ಲಬೇಕು. ಕಬ್ಬು ಇಳಿಸಿದ ಮೇಲೆ ಖಾಲಿ ಗಾಡಿ ಇನ್ನೊಂದು ಬದಿಯಿಂದ ಗೇಟಿಗೆ ಬಂದು ಹೊರಗೆ ಹೋಗಬೇಕು. ಕೆಲವೊಮ್ಮೆ ಪಾಳಿ ಬರಲು ದಿನಗಟ್ಟಲೆ ಹಿಡಿಯುತ್ತದೆ. ಡ್ರೈವರ್ ಮನುಷ್ಯ ತಾನೇ? ಊಟಕ್ಕೆ, ಸ್ನಾನಕ್ಕೆ ಹೋಗುತ್ತಾನೆ, ಗಿಡದ ಕೆಳಗೆ ಮಲಗುತ್ತಾನೆ. ಅಷ್ಟರಲ್ಲಿ ಪಾಳಿ ಮುಂದೆ ಸರಿದರೆ? ಹಿಂದಿನ ಗಾಡಿಯವನು ಇಳಿದು ಬಂದು ಇವನ ಗಾಡಿಯನ್ನು ಚಾಲೂ ಮಾಡಿ ಮುಂದಕ್ಕೆ ಸರಿಸಬೇಕು. ಅದಕ್ಕೇ ಯಾರ್ಡಿನ ರಿವಾಜು ಒಂದೇ: ಕೀಲಿಕೈ ಗಾಡಿಯಲ್ಲೇ ಇರಬೇಕು. ಕೀಲಿಕೈ ಜೇಬಿಗೆ ಹಾಕಿಕೊಂಡು ಹೋದವನಿಗೆ ಇಡೀ ಪಾಳಿ ಸೇರಿ ಬೈಯುತ್ತದೆ.

ಈಗ ಹೇಳಿರಿ. ಕೀಲಿಕೈ ಸಮೇತ ನಿಂತ ಅಷ್ಟೊಂದು ಟ್ರ್ಯಾಕ್ಟರ್. ಅವುಗಳಲ್ಲಿ ಒಂದೂ ಕಳುವಾಗಬಾರದು. ಇದು ನಮ್ಮ ಕೆಲಸ.

ನಾನು ಸೇರಿದಾಗ ಕಾವಲಿನ ಮುಖ್ಯಸ್ಥರು ಸುಬೇದಾರ್ ಸಾಹೇಬರು. ಮಿಲ್ಟ್ರಿಯಿಂದ ಬಂದವರು. ಮೀಸೆ ಎಷ್ಟು ನೆಟ್ಟಗಿತ್ತೋ ಮಾತೂ ಅಷ್ಟೇ ನೆಟ್ಟಗೆ. ಮೊದಲ ದಿನ ನನ್ನನ್ನು ಕರೆದು, "ದಸ್ತಗೀರ, ಒಂದ ಗಾಡಿ ಹೋತಂದ್ರ ನೀನೂ ಅದರ ಹಿಂದ ಹೋಗು, ತಿರುಗಿ ಬರಬ್ಯಾಡ" ಅಂದರು. ನಾನು ಹೆದರಿದೆ. ಹೆದರಿದವನ ತಲೆ ಹೇಗೆ ಓಡುತ್ತದೆ ನೋಡಿ. ಒಂದು ಗೋಣಿಚೀಲ ತೆಗೆದುಕೊಂಡು ಪಾಳಿಯ ಈ ತುದಿಯಿಂದ ಆ ತುದಿಯವರೆಗೆ ನಡೆದು, ಎಲ್ಲ ಗಾಡಿಗಳ ಕೀಲಿಕೈ ಕಿತ್ತು ಚೀಲಕ್ಕೆ ಹಾಕಿದೆ. ಚೀಲ ಹೆಗಲಿಗೇರಿಸಿ ಗೇಟಿನಲ್ಲಿ ರಾಜನ ಹಾಗೆ ಕೂತೆ. ಈಗ ಯಾವ ಕಳ್ಳ ಬರುತ್ತಾನೋ ಬರಲಿ!

ಕಳ್ಳ ಬರಲಿಲ್ಲ, ಪಾಳಿ ಮುಂದೆ ಸರಿಯುವ ಹೊತ್ತು ಬಂತು. ಒಂದೂ ಗಾಡಿ ಅಲುಗಲಿಲ್ಲ. ಒಳಗೆ ಗಾಣಕ್ಕೆ ಕಬ್ಬಿಲ್ಲ, ಹೊರಗೆ ಹಾರ್ನೋ ಹಾರ್ನು. ಡ್ರೈವರುಗಳು ನನ್ನ ಸುತ್ತ ಮುತ್ತಿದರು.

"ಏನೋ ಸಾಬಣ್ಣ, ಕೀಲಿ ಮಾರಾಕ ಹೊಂಟೀಯೇನು ಸಂತಿಗೆ?"

"ತಗೋರಿ, ನಿಮ್ ನಿಮ್ ಕೀಲಿ ತಗೋರಿ" ಎಂದು ಚೀಲ ಸುರಿದೆ. ಯಾರದು ಯಾವುದೆಂದು ಯಾರಿಗೂ ತಿಳಿಯದು. ಎಲ್ಲ ಒಂದೇ ಥರ. ಸುಬೇದಾರ್ ಸಾಹೇಬರು ಬಂದರು. ಅವರ ಮೀಸೆ ಅಲುಗುತ್ತಿತ್ತು, ಸಿಟ್ಟಿಗೋ ನಗುವಿಗೋ ಗೊತ್ತಾಗಲಿಲ್ಲ. ಅಷ್ಟರಲ್ಲಿ ಒಬ್ಬ ಡ್ರೈವರ್ ರಾಶಿಯಿಂದ ಕೈಗೆ ಸಿಕ್ಕ ಕೀಲಿಕೈ ಎತ್ತಿಕೊಂಡು ಹೋಗಿ ತನ್ನ ಗಾಡಿಗೆ ಹಾಕಿ ತಿರುವಿದ. ಗಾಡಿ ಚಾಲೂ ಆಯಿತು! ಇನ್ನೊಬ್ಬ ಎತ್ತಿಕೊಂಡ. ಅವನದೂ ಚಾಲೂ. ಒಂದು ಕಂಪನಿಯ ಹಳೇ ಗಾಡಿಗಳಿಗೆ ಯಾವ ಕೀಲಿಕೈಯಾದರೂ ಹತ್ತುತ್ತದೆ ಎಂದು ನನಗೆ ಆವತ್ತೇ ಗೊತ್ತಾಗಿದ್ದು. ಚೀಲ ತುಂಬ ಕೀಲಿಕೈ ಇಟ್ಟುಕೊಂಡು ನಾನು ಏನನ್ನೂ ಕಾದಿರಲಿಲ್ಲ.

"ಕೀಲಿ ಕಾಯಬ್ಯಾಡ, ದಸ್ತಗೀರ" ಅಂದರು ಸಾಹೇಬರು. "ಮಂದೀನ್ನ ನೋಡು."

ಅಲ್ಲಿಂದ ಮುಂದೆ ನಾನು ಪಾಳಿಯಲ್ಲಿ ತಿರುಗಾಡುತ್ತ ಒಬ್ಬರಿಗೊಬ್ಬರ ಗುರುತು ಮಾಡಿಸತೊಡಗಿದೆ. ಹೊಸ ಗಾಡಿ ಬಂದರೆ ಡ್ರೈವರನ್ನು ಇಳಿಸಿ, ಮುಂದಿನವನ ಹತ್ತಿರ, ಹಿಂದಿನವನ ಹತ್ತಿರ ಕರೆದೊಯ್ದು, "ಇವ ನಿಮ್ಮ ನಡುವಿನವ, ಮಾರಿ ನೋಡ್ಕೋರಿ" ಎನ್ನುತ್ತಿದ್ದೆ. ಬೀಗರಿಗೆ ಹುಡುಗಿ ತೋರಿಸಿದ ಹಾಗೆ! ಡ್ರೈವರುಗಳು ನಗುತ್ತಿದ್ದರು. ಆದರೆ ಪಾಳಿಯಲ್ಲಿರುವ ತನಕ ಗಾಡಿ ಭದ್ರವಾಯಿತು. ಬೇರೆ ಮುಖ ಸೀಟಿನ ಮೇಲೆ ಕೂತರೆ ಹಿಂದಿನವನೇ ಕೂಗುತ್ತಿದ್ದ. ಬ್ಯಾಟರಿ ಬಿಚ್ಚುವವರು, ಟ್ರೇಲರಿನ ಹುಕ್ಕಿಗೆ ಹಾಕುವ ಕಬ್ಬಿಣದ ಪಿನ್ನು ಎಗರಿಸುವವರು, ಜಾಕು ಕದಿಯುವವರು, ಇವರ ಕಾಟವೂ ಕಡಿಮೆಯಾಯಿತು.

ಒಂದು ಜಾಗ ಮಾತ್ರ ಉಳಿಯಿತು. ಕಬ್ಬು ಇಳಿಸಿದ ಮೇಲೆ ಪಾಳಿ ಚದುರಿಹೋಗುತ್ತದೆ. ಮುಂದಿನವನು ಮುಂದೆ ಹೋದ, ಹಿಂದಿನವನು ಇನ್ನೂ ಹಿಂದೆ. ಖಾಲಿ ಗಾಡಿ ಒಂಟಿ. ಅದರಲ್ಲಿ ಕೀಲಿಕೈ ಹಾಗೇ ಇದೆ, ಡ್ರೈವರ್ ಚಹಾಕ್ಕೆ ಹೋಗಿದ್ದಾನೆ. ಸುಬೇದಾರ್ ಸಾಹೇಬರು ಅದಕ್ಕೆ ತಗಡಿನ ಬಿಲ್ಲೆ ಮಾಡಿಸಿದರು. ಒಳಗೆ ಬರುವಾಗ ಬಿಲ್ಲೆ ಕೊಡುವುದು, ಹೊರಗೆ ಹೋಗುವಾಗ ಇಸಿದುಕೊಳ್ಳುವುದು. ಚಲೋ ಉಪಾಯ. ಆದರೆ ನಮ್ಮ ಡ್ರೈವರುಗಳು ಏನು ಮಾಡಿದರು? ಕಳೆದುಹೋದೀತು ಎಂದು ಬಿಲ್ಲೆಯನ್ನು ಸ್ಟೇರಿಂಗಿಗೇ ಕಟ್ಟಿಟ್ಟರು. ಕಳ್ಳನಿಗೆ ಗಾಡಿ, ಕೀಲಿಕೈ, ಬಿಲ್ಲೆ, ಮೂರೂ ಒಂದೇ ಕಡೆ!

ಬರೆಯುತ್ತ ಬರೆಯುತ್ತ ಮತ್ತೆ ಮಾಳಿಗೆಗೆ ಹೋಗಿ ಬಂದೆ. ಇಲ್ಲಿಂದ ಕಾರ್ಖಾನೆ ಕಾಣುವುದಿಲ್ಲ ಎಂದು ಗೊತ್ತು. ಆದರೂ ಆ ದಿಕ್ಕಿಗೆ ನೋಡಿದರೆ ಸಮಾಧಾನ. ರೇಷ್ಮಾ ಊಟ ಮಾಡಿದಳೋ ಇಲ್ಲವೋ.

ಇರಲಿ. ಯಮನಪ್ಪನ ಗಾಡಿಯ ಕಥೆ ಹೇಳುತ್ತೇನೆ, ಈ ಕೆಲಸದಲ್ಲಿ ನನಗೆ ಕಿವಿ ತೆರೆದದ್ದು ಅದೇ. ಯಮನಪ್ಪ ಪಟ್ಟದಕಲ್ಲಿನ ಕಡೆಯವನು. ಕಬ್ಬಿನ ಗಾಡಿಗಳಿಗೆ ದೊಡ್ಡ ದೊಡ್ಡ ಸ್ಪೀಕರ್ ಹಾಕಿಸುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಟೇಪು ಹಚ್ಚಿದರೆ ಮುಂದಿನ ಊರಿಗೆ ಕೇಳಬೇಕು. ಯಮನಪ್ಪನ ಗಾಡಿಯಲ್ಲಿ ಅವನ ಊರಿನ ಭಜನಾ ಮೇಳದ ಪದ. ದಪ್ಪು, ತಾಳ, ಮುದುಕರ ದನಿ. ಕಬ್ಬು ಇಳಿಸಿ, ಮೈ ಹಗುರಾಗಿ, ಊರಿಗೆ ಹೊರಟ ಯಾವ ಡ್ರೈವರೂ ಹಾಡು ಹಚ್ಚದೆ ನಮ್ಮ ಗೇಟು ದಾಟಿದ್ದನ್ನು ನಾನು ಕಂಡಿರಲಿಲ್ಲ.

ಆ ಮಧ್ಯಾಹ್ನ ಯಮನಪ್ಪನ ಗಾಡಿ ಗೇಟಿಗೆ ಬಂತು. ಸೀಟಿನ ಮೇಲಿದ್ದವನು ಮುಖಕ್ಕೆ ಟವೆಲ್ ಸುತ್ತಿಕೊಂಡಿದ್ದ. ಧೂಳಿಗೆ ಎಲ್ಲರೂ ಹಾಗೇ ಸುತ್ತಿಕೊಳ್ಳುತ್ತಾರೆ. ಬಿಲ್ಲೆ ಕೊಟ್ಟ. ನಾನು ಗೇಟಿನ ಹಗ್ಗಕ್ಕೆ ಕೈ ಹಾಕಿದೆ. ಹಾಕಿದ ಕೈ ನಿಂತಿತು. ಏನೋ ಕಡಿಮೆಯಾಗಿದೆ. ಏನು?

"ಲೇ ತಮ್ಮಾ, ಹಾಡು ಯಾಕ ಇಲ್ಲ?"

"ಟೇಪ್ ಕೆಟ್ಟೈತ್ರಿ."

"ಈಗಿನ್ನ ಒಳಗ ಭಜನಿ ನಡದಿತ್ತಲ್ಲೋ. ಮ್ಯಾಳದವರು ಅಷ್ಟರಾಗ ಎದ್ದು ಹೋದ್ರೇನು? ಹಚ್ಚು, ನೋಡೋಣು."

ಅವನು ಸ್ವಿಚ್ಚು ಹುಡುಕಿದ. ಮುಂದೆ ನೋಡಿದ, ಪಕ್ಕಕ್ಕೆ ತಡವಿದ, ಸಿಗಲಿಲ್ಲ. ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಧಪ್ಪನೆ ಜಿಗಿದು ರಸ್ತೆ ದಾಟಿ ಓಡಿದ. ಗಾಡಿ ಗುಡುಗುಡು ಎನ್ನುತ್ತ ಅಲ್ಲೇ ನಿಂತಿತ್ತು.

ಯಮನಪ್ಪ ಕೈಯಲ್ಲಿ ಅರ್ಧ ತಿಂದ ಮಿರ್ಚಿ ಭಜಿ ಹಿಡಿದುಕೊಂಡು ಓಡಿಬಂದ. "ಕಾಕಾ, ನನ್ನ ಗಾಡಿ ಎಲ್ಲಿಗೆ ಹೊಂಟಿತ್ರಿ?"

"ನೀ ಮಿರ್ಚಿ ತಿನ್ನೂದು ಮುಗಿಯಂಗಿಲ್ಲಂತ ಅದೊಂದ ಊರಿಗೆ ಹೊಂಟಿತ್ತು."

ಅವನು ನಗಲಿಲ್ಲ. ಗಾಡಿಯ ಬಾನೆಟ್ಟಿಗೆ ಕೆನ್ನೆ ಹಚ್ಚಿ ನಿಂತುಬಿಟ್ಟ. ಆಮೇಲೆ ಸೀಟಿನ ಹಿಂದೆ ರೆಕ್ಸಿನ್ ಒಳಗೆ ಕೈ ತೂರಿಸಿ ಏನೋ ಒತ್ತಿದ. ಭಜನೆ ಶುರುವಾಯಿತು.

"ಸ್ವಿಚ್ ಅಲ್ಲಿ ಯಾಕ ಇಟ್ಟೀಯೋ? ಕಳ್ಳರಿಗೆ ಅಂಜಿ ಏನು?"

"ಕಳ್ಳರಿಗೆ ಯಾಕ ಅಂಜೂದು? ನಮ್ಮವರಿಗೇ. ಪಾಳ್ಯಾಗ ಗಾಡಿ ಸರಸಾಕ ಬಂದವ್ರು ನನ್ನ ಭಜನಿ ತಗದು ತಮ್ಮ ಸಿನಿಮಾ ಹಾಡು ಹಾಕಿಬಿಡ್ತಾರ್ರಿ!"

ಆಮೇಲೆ ವಿಚಾರಿಸಿದರೆ ಎಲ್ಲರದೂ ಹಾಗೇ. ಒಬ್ಬನದು ಕಾಲಿಡುವ ಹಲಗೆಯ ಕೆಳಗೆ, ಒಬ್ಬನದು ದೇವರ ಫೋಟೋದ ಹಿಂದೆ. ಗಾಡಿಯ ಕೀಲಿಕೈ ಎಲ್ಲರಿಗೂ ಬಿಟ್ಟುಕೊಟ್ಟವರು ಹಾಡಿನ ಸ್ವಿಚ್ಚನ್ನು ಮಾತ್ರ ಹೆಂಡತಿಗೂ ಹೇಳಿರಲಿಲ್ಲ. ಸುಬೇದಾರ್ ಸಾಹೇಬರಿಗೆ ಇದನ್ನು ಹೇಳಿದೆ. ಬೈಯುತ್ತಾರೇನೋ ಅಂದುಕೊಂಡಿದ್ದೆ. ಅವರು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡು, ಸೀಟಿ ಊದಿ ಎಲ್ಲ ಕಾವಲುಗಾರರನ್ನು ಕರೆದರು. "ಇಂದಿನಿಂದ ಆರ್ಡರ್. ಹಾಡು ಹಚ್ಚದ ಗಾಡಿ ಗೇಟ್ ದಾಟಬಾರದು!"

ಎಷ್ಟೋ ಹಂಗಾಮು ನಾವು ಹೀಗೇ ಕಾದೆವು. ಗೇಟಿಗೆ ಬಂದವನು ಹಾಡು ಹಚ್ಚಬೇಕು, ನಾನು ಕೇಳಿ ತಲೆದೂಗಬೇಕು, ಗೇಟು ಏಳಬೇಕು. ಇಳಕಲ್ಲಿನ ಒಬ್ಬ ಮುದುಕನ ಗಾಡಿಗೆ ಟೇಪೇ ಇರಲಿಲ್ಲ. ಮೊದಲು ಮಗ್ಗದ ಮುಂದೆ ಕೂತು ಸೀರೆ ನೇಯುತ್ತಿದ್ದ ಮನುಷ್ಯ, ವಯಸ್ಸಾದ ಮೇಲೆ ಮಗನ ಟ್ರ್ಯಾಕ್ಟರ್ ಹೊಡೆಯಲು ಬಂದಿದ್ದ. "ಆರ್ಡರ್ ಅಂದ್ರ ಆರ್ಡರ್, ಅಜ್ಜಾ" ಅಂದ ನಮ್ಮ ಒಬ್ಬ ಕಾವಲುಗಾರ, ಚೇಷ್ಟೆಗೆ. ಮುದುಕ ಸೀಟಿನ ಮೇಲೇ ನೆಟ್ಟಗೆ ಕೂತು, ಕಿವಿಗೆ ಕೈ ಹಚ್ಚಿ, ಲಾಳಿ ಓಡಿದ ಹಾಗೆ ಒಂದು ಪದ ತೆಗೆದ ನೋಡಿ! ಹಿಂದಿನ ಗಾಡಿಯವರೆಲ್ಲ ಇಂಜಿನ್ ಬಂದ್ ಮಾಡಿ ಕೇಳಿದರು. ಗೇಟು ತೆಗೆದರೂ ಯಾರೂ ಹೋಗಲೊಲ್ಲರು. ಸಾಹೇಬರೇ ಬಂದು ಗದರಿಸಿ ಕಳಿಸಬೇಕಾಯಿತು. ಕಣ್ಣು ಮಾತ್ರ ಒರೆಸಿಕೊಳ್ಳುತ್ತಿದ್ದರು.

ಆಮೇಲೆ ಕಾಲ ಬದಲಾಯಿತು. ಸಾಹೇಬರು ಹೋದರು, ಕ್ಯಾಮೆರಾ ಬಂದವು. ಹಾಡಿನ ಅಬ್ಬರದಲ್ಲಿ ಹಿಂದಿನ ಹಾರ್ನ್ ಕೇಳಿಸದೆ ರಸ್ತೆಯಲ್ಲಿ ಅಪಘಾತ ಆಗುತ್ತವೆಂದು ಯಾರ್ಡಿನೊಳಗೂ ಹಾಡು ಬಂದ್ ಮಾಡಿದರು, ಸ್ಪೀಕರ್ ಮಾತ್ರ ಗಾಡಿಗಳಲ್ಲೇ ಉಳಿದವು. ತಪ್ಪೇನಿಲ್ಲ, ಜೀವಕ್ಕಿಂತ ಹಾಡು ದೊಡ್ಡದಲ್ಲ. ಹಾಡಿನ ಬದಲು ಗಾಡಿಗೆ ಜಿಪಿಎಸ್ ಎಂಬ ಡಬ್ಬಿ ಕಟ್ಟುತ್ತಾರೆ. ಗಾಡಿ ಎಲ್ಲಿದೆ ಎಂದು ಪರದೆಯ ಮೇಲೆ ಚುಕ್ಕಿ ಕಾಣುತ್ತದಂತೆ. ನನ್ನ ರೇಷ್ಮಾ ಅದನ್ನೆಲ್ಲ ಕಲಿತು ಬಂದಿದ್ದಾಳೆ.

ಇಲ್ಲಿಯವರೆಗೆ ಬರೆದಿದ್ದೆ. ಫೋನ್ ಬಂತು.

"ನಾನಾ, ಒಂದು ಗಾಡಿ ಕಾಣವಲ್ದು."

ನಾನು ಪೆನ್ನು ಇಟ್ಟು ಎದ್ದು ನಿಂತೆ. ಗಾಡಿ ಹುನಗುಂದ ಕಡೆಯ ಬಸು ಎಂಬ ಡ್ರೈವರನದು. ಕಬ್ಬು ಇಳಿಸಿ, ಖಾಲಿ ಗಾಡಿ ನಿಲ್ಲಿಸಿ, ಕೀಲಿಕೈ ಅದರಲ್ಲೇ ಬಿಟ್ಟು ಸ್ನಾನಕ್ಕೆ ಹೋಗಿದ್ದ. ಬಂದು ನೋಡಿದರೆ ಇಲ್ಲ.

"ಚುಕ್ಕಿ ಏನ್ ಹೇಳತೈತಿ?"

"ಚುಕ್ಕಿ ಯಾರ್ಡಿನ್ಯಾಗ ಐತಿ. ಹೋಗಿ ನೋಡಿದ್ರ ಜಿಪಿಎಸ್ ಡಬ್ಬಿ ಕ್ಯಾಂಟೀನ್ ಬೆಂಚಿನ ಕೆಳಗ ಬಿದ್ದೈತಿ. ಕಿತ್ತು ಒಗದಾರ. ನಾನಾ, ನಾ ಗೇಟ್ ಬಂದ್ ಮಾಡೇನಿ. ಗಾಡಿ ಇನ್ನೂ ಹೊರಗ ಹೋಗಿಲ್ಲಂತ ನನಗ ಅನಸ್ತದ. ಆದ್ರ ಖಾಲಿ ಗಾಡಿ ಎಲ್ಲಾ ನಿಂತುಬಿಟ್ಟಾವ, ಮ್ಯಾನೇಜರ್ ಸಾಹೇಬ್ರು ಬೈಯಾಕತ್ತಾರ. ಸ್ವಲ್ಪ ಹೊತ್ತಿನ್ಯಾಗ ಗೇಟ್ ತಗೀಬೇಕು, ಗಾಡಿ ಸಿಗಲಿಲ್ಲಂದ್ರ ನಾಳಿಂದ ಬರಬ್ಯಾಡ ಅಂದ್ರು."

ಹಿಂದಿನಿಂದ ಹಾರ್ನುಗಳು ಕೇಳುತ್ತಿದ್ದವು. ಅವುಗಳ ನಡುವೆ ಒಬ್ಬ ಗಂಡಸು ಅಳುವ ಸಪ್ಪಳ. ಅದು ಬಸು.

"ಬಸು ಸಾಲಿನ್ಯಾಗ ಹೋಗಿ ನೋಡ್ಯಾನೇನು?"

"ನೋಡ್ಯಾನ್ರಿ. ಎಲ್ಲಾ ಒಂದ ಕಂಪನಿ, ಒಂದ ಕೆಂಪು, ಎಲ್ಲಾಕ್ಕೂ ಧೂಳು, ಕ್ಯಾಮೆರಾದಾಗೂ ಎಲ್ಲಾ ಒಂದ ಥರ ಕಾಣತಾವ. ನಂಬರ್ ಬದಲಿ ಮಾಡಿದ್ರ, ಹೆಸರು ಕಿತ್ತು ಹಾಕಿದ್ರ ಗುರುತು ಹೆಂಗ ಹತ್ತತೈತಿ?"

"ಹಾಡು ಹಚ್ಚಸವಾ! ಒಬ್ಬೊಬ್ಬರ್ನ ಹಾಡು ಹಚ್ಚಸು. ಸ್ವಿಚ್ ಗೊತ್ತಿಲ್ಲದವ ಸಿಕ್ಕೊಂತಾನ!"

"ನಾನಾ, ಈಗ ಸ್ವಿಚ್ಚೇ ಇರಂಗಿಲ್ರಿ. ಕೀಲಿ ತಿರುವಿದ್ರ ಸ್ಪೀಕರ್ ತಾನ ಚಾಲೂ ಆಕ್ಕತಿ. ಹಾಡು ಡ್ರೈವರನ ಮೊಬೈಲಿನ್ಯಾಗ ಇರತೈತಿ, ಬ್ಲೂಟೂತ್..."

ಅಷ್ಟಕ್ಕೇ ನಿಲ್ಲಿಸಿದಳು. ನಾನು "ಹಲೋ, ಹಲೋ" ಅಂದೆ. ನನ್ನ ಉಪಾಯ ಹಳೆಯದಾಯಿತು, ಅದರ ಕಾಲ ಮುಗಿಯಿತು ಎಂದುಕೊಂಡೆ.

"ನಾನಾ" ಅಂದಳು, ದನಿ ಬೇರೆಯಾಗಿತ್ತು. "ಫೋನ್ ಇಡಬ್ಯಾಡ್ರಿ."

ಫೋನನ್ನು ಜೇಬಿಗೆ ಹಾಕಿಕೊಂಡಳು ಅಂತ ಕಾಣುತ್ತದೆ. ಬಟ್ಟೆಯ ಸಪ್ಪಳದ ನಡುವೆ ಅವಳ ಮಾತು ಕೇಳುತ್ತಿತ್ತು.

"ಬಸಣ್ಣ, ಅಳಬ್ಯಾಡ. ನಿನ್ನ ಮೊಬೈಲ್ ಎಲ್ಲೈತಿ?"

"ಜಳಕಕ್ಕ ಹೋಗುವಾಗ ಒಯ್ದಿದ್ದೆ ಅಕ್ಕಾರ. ಕೈಯಾಗ ಐತಿ."

"ಬ್ಲೂಟೂತ್ ಚಾಲೂ ಮಾಡು. ನನ್ನ ಜೋಡಿ ನಡಿ, ಈ ತುದೀಲಿಂದ. ಎಲ್ಲಾರೂ ಇಂಜಿನ್ ಚಾಲೂ ಇಡ್ರಿ, ಯಾರೂ ಇಳೀಬ್ಯಾಡ್ರಿ!"

ಸೀಟಿ ಊದಿದಳು. ನನ್ನ ಕಿವಿಯೊಳಗೇ ಊದಿದ ಹಾಗಾಯಿತು. ನಾನು ಫೋನ್ ಹಿಡಿದೇ ಮಾಳಿಗೆ ಹತ್ತಿ ಆ ತುದಿಯಿಂದ ಈ ತುದಿಗೆ ನಡೆಯತೊಡಗಿದೆ. ಅವಳು ಅಲ್ಲಿ ನಡೆಯುತ್ತಿದ್ದಳು, ನಾನು ಇಲ್ಲಿ. ಒಂದು ಇಂಜಿನ್ ಸಪ್ಪಳ ಹತ್ತಿರ ಬಂತು, ಹಿಂದೆ ಸರಿಯಿತು. ಇನ್ನೊಂದು. ಮತ್ತೊಂದು. ಯಾರೋ, "ಏನ್ ತಂಗೀ, ನಮ್ಮ ಗಾಡಿಗೆ ದೃಷ್ಟಿ ತಗೀಯಾಕ ಬಂದೇನು?" ಅಂದ. ಹಿಂದೆ ಯಾರೋ ನಕ್ಕರು. ಇನ್ನೊಂದು ಇಂಜಿನ್. ಏನೂ ಇಲ್ಲ. ಸಾಲು ಮುಗಿಯುತ್ತ ಬಂತೇನೋ.

ಆಗ ಟಣ್ ಎಂದು ಒಂದು ಸಪ್ಪಳ. ದೊಡ್ಡ ಸ್ಪೀಕರಿನಿಂದ ಯಾವಳೋ ಒಬ್ಬಳು ಇಂಗ್ಲಿಷಿನಲ್ಲಿ ಏನೋ ಅಂದಳು. ಆ ಇಂಗ್ಲಿಷ್ ನನಗೆ ತಿಳಿಯದು. ಆದರೆ ಬಸುವಿಗೆ ತಿಳಿಯಿತು.

"ಕೂಡಿತು! ಅಕ್ಕಾರ, ನನ್ನ ಮೊಬೈಲ್ ಕೂಡಿತ್ರಿ! ಇದ ನನ್ನ ಗಾಡಿ!"

"ಹಚ್ಚು! ಏನರ ಹಚ್ಚು, ಲಗೂನ!"

ಅವನು ಅವಸರ ಮಾಡಿದನಂತೆ. ಹಾಡು ಹುಡುಕಲು ಹೋಗಿ, ಮುಂಜಾನೆ ಮನೆಯಿಂದ ಬಂದ ವಾಟ್ಸಾಪ್ ದನಿಯ ಮೇಲೆ ಬೆರಳು ಬಿತ್ತು. ಇಡೀ ಯಾರ್ಡ್ ತುಂಬ, ಕಬ್ಬಿನ ರಾಶಿಯ ಮೇಲೆಲ್ಲ, ಒಂದು ಸಣ್ಣ ಹುಡುಗಿಯ ದನಿ ಎದ್ದಿತು.

"ಎರಡೊಂದ್ಲೆ ಎರಡು. ಎರಡೆರಡ್ಲೆ ನಾಕು. ಎರಡ್ಮೂರ್ಲೆ ಆರು..."

ಬಸುವಿನ ಮಗಳು. ಎರಡರ ಮಗ್ಗಿ ಬಾಯಿಪಾಠ ಮಾಡಿ ಅಪ್ಪನಿಗೆ ಕಳಿಸಿದ್ದಳು.

ಸೀಟಿನ ಮೇಲಿದ್ದವನು ಜಿಗಿದ. ಆದರೆ ಈ ಸಲ ಗಾಡಿ ಒಂಟಿಯಾಗಿರಲಿಲ್ಲ. ಮುಂದೊಂದು ಗಾಡಿ, ಹಿಂದೊಂದು ಗಾಡಿ, ಎರಡರ ಡ್ರೈವರುಗಳೂ ಇಳಿದು ಅವನನ್ನು ಹಿಡಿದುಕೊಂಡರು. ಗದ್ದಲ, ಬೈಗುಳ, "ಹೊಡೀಬ್ಯಾಡ್ರಿ, ಪೊಲೀಸರು ಬರ್ತಾರ, ಬಿಡ್ರಿ" ಎಂದು ನನ್ನ ಮೊಮ್ಮಗಳು ಕೂಗುವುದು. ಈ ಎಲ್ಲದರ ಮೇಲೆ ಆ ಮಗು ಯಾರಿಗೂ ಅಂಜದೆ ಮಗ್ಗಿ ಹೇಳುತ್ತಲೇ ಇತ್ತು. ಎರಡೇಳ್ಲೆ ಹದಿನಾಕು. ಎರಡೆಂಟ್ಲೆ ಹದಿನಾರು. ಒಂದೊಂದಾಗಿ ಹಾರ್ನುಗಳು ನಿಂತವು. ಬೈಯುವವರೂ ಬೈಯುವುದನ್ನು ಬಿಟ್ಟರು.

"ಎರಡ್ ಹತ್ಲೆ ಇಪ್ಪತ್ತು!" ಎಂದು ಮುಗಿಸಿ, ಉಸಿರು ಎಳೆದುಕೊಂಡು, ಆ ಮಗು ಕೇಳಿತು:

"ಅಪ್ಪಾ, ಕೇಳಿಸ್ತೇನು?"

"ಕೇಳಿಸ್ತಬೇ ಯವ್ವಾ!" ಎಂದು ಸಾಲಿಗೆ ಸಾಲೇ ಕೂಗಿತು. ನವನಗರದ ಮಾಳಿಗೆಯ ಮೇಲೆ ಒಬ್ಬನೇ ನಿಂತು ನಾನೂ ಕೂಗಿದೆ. ಕೆಳಗೆ ಓಣಿಯವರು ತಲೆ ಎತ್ತಿ ನೋಡಿದರು. ನಾನು ಅವರ ಕಡೆ ನೋಡಲಿಲ್ಲ. ಫೋನಿನಲ್ಲಿ, ನನಗೆ ಚೆನ್ನಾಗಿ ಗೊತ್ತಿರುವ ಆ ಕಬ್ಬಿಣದ ಗೇಟು ಕಿರ್ ಎಂದು ಮೇಲೇಳುವುದು ಕೇಳುತ್ತಿತ್ತು.